ಅಜ್ಜನ ಅಪ್ಪನ ಹೆಸರು ರೆಕಾರ್ಡ್ ರೂಮಿನಲ್ಲಿದೆ

ಮಾನ್ಯ ಸಂಪಾದಕರೇ,

ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆ ಕಡತಗಳು ಸ್ಕ್ಯಾನ್ ಆಗುತ್ತಿರುವ ಬಗ್ಗೆ ಪತ್ರಿಕೆಗಳಲ್ಲಿ ಬರುವುದೆಲ್ಲ ಜಮೀನು ವ್ಯಾಜ್ಯದ ಲೆಕ್ಕದಲ್ಲೇ. ಕಡತ ಕಾಣೆಯಾಗುವುದು ತಪ್ಪುತ್ತದೆ, ಖೊಟ್ಟಿ ದಾಖಲೆ ನಿಲ್ಲುತ್ತದೆ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಬಹುಪಾಲು ಮನೆಗಳಿಗೆ ತಮ್ಮ ಹಿಂದಿನವರ ಬಗ್ಗೆ ಬರಹದಲ್ಲಿ ಉಳಿದಿರುವುದು ಆ ಕಾಗದಗಳಷ್ಟೇ ಎಂಬ ಮಾತು ಎಲ್ಲೂ ಬರುತ್ತಿಲ್ಲ. ಅರಮನೆಗೆ ವಂಶಾವಳಿ ಇತ್ತು, ಮಠಕ್ಕೆ ಗುರುಪರಂಪರೆ ಇತ್ತು. ಉಳುವವನಿಗೆ ಇದ್ದದ್ದು ಶಾನುಭೋಗರ ಲೆಕ್ಕ.

ಮನೆತನದ ಮೂಲ ಹುಡುಕಲು ಹೊರಟವರು ಮೊದಲು ನಾಡಕಚೇರಿಗೆ ಹೋಗಿ ವಂಶವೃಕ್ಷಕ್ಕೆ ಅರ್ಜಿ ಕೊಡುತ್ತಾರೆ. ಅದು ಅರ್ಜಿದಾರರ ಪ್ರಮಾಣಪತ್ರ, ಗ್ರಾಮ ಆಡಳಿತಾಧಿಕಾರಿಯ ಸ್ಥಳ ವಿಚಾರಣೆ, ಇವೆರಡರ ಮೇಲೆ ತಯಾರಾಗುವ ಕಾಗದ. ಬದುಕಿರುವ ವಾರಸುದಾರರು ಯಾರು ಎಂದು ತೋರಿಸುವುದು ಅದರ ಕೆಲಸ. ಅಂದರೆ ನೀವು ಹೇಳಿದ್ದನ್ನೇ ಮೊಹರು ಹಾಕಿ ನಿಮಗೆ ವಾಪಸ್ ಕೊಡುತ್ತಾರೆ. ನಿಮಗೆ ಗೊತ್ತಿಲ್ಲದ ಹೆಸರು ಅದರಲ್ಲಿ ಸಿಗುವುದಿಲ್ಲ. ಗೊತ್ತಿಲ್ಲದ ಹೆಸರು ಬೇಕಾದರೆ ಖಾತೆ ಬದಲಾವಣೆ ಬರೆದಿಡುವ ಮ್ಯುಟೇಷನ್ ರಿಜಿಸ್ಟರಿಗೆ, ಕಚೇರಿಯವರ ಬಾಯಲ್ಲಿ 'ಎಂಆರ್'ಗೆ, ಹೋಗಬೇಕು.

ಹೋಗುವ ಮುಂಚೆ ಒಂದು ಕೆಲಸವಿದೆ. ನಿಮ್ಮ ಊರು ಕಂದಾಯ ಗ್ರಾಮವೋ, ಇನ್ನೊಂದು ಗ್ರಾಮದ ಮಜರೆಯೋ ತಿಳಿದುಕೊಳ್ಳಿ. ಮಲೆನಾಡಿನ ಕಡೆ ಇದು ಬಹಳ ತೊಂದರೆ ಕೊಡುವ ವಿಷಯ. ನಾಲ್ಕು ಮನೆಯ ಊರಿಗೆ ತನ್ನದೇ ಹೆಸರಿರುತ್ತದೆ, ದಾಖಲೆಯಲ್ಲಿ ಮಾತ್ರ ಅದು ಮೂರು ಮೈಲಿ ಆಚೆಯ ಗ್ರಾಮದ ಲೆಕ್ಕಕ್ಕೆ ಸೇರಿರುತ್ತದೆ. ಇನ್ನು ಕೆಲವು ಬೇಚಿರಾಕ್ ಗ್ರಾಮಗಳು: ಪ್ಲೇಗಿಗೋ ಬರಕ್ಕೋ ಜನ ಬಿಟ್ಟು ಹೋದವು, ಮನೆ ಒಂದೂ ಉಳಿದಿಲ್ಲ, ಆದರೆ ಸರ್ವೆ ನಂಬರುಗಳು ಇಂದಿಗೂ ಆ ಗ್ರಾಮದ ಹೆಸರಿನಲ್ಲೇ ಇವೆ. ಅಜ್ಜಿ ಹೇಳುತ್ತಿದ್ದ ಊರು ಯಾವ ಪಟ್ಟಿಯಲ್ಲೂ ಇಲ್ಲ ಎಂದಾದರೆ ಅಕ್ಕಪಕ್ಕದ ಬೇಚಿರಾಕ್ ಗ್ರಾಮಗಳ ಹೆಸರು ಕೇಳಿ ನೋಡಬೇಕು. ಗ್ರಾಮ, ಹೋಬಳಿ, ತಾಲ್ಲೂಕು ಸರಿಯಾದ ಮೇಲೆ ಒಂದೇ ಒಂದು ಸರ್ವೆ ನಂಬರ್ ಸಾಕು. ಆ ಜಮೀನು ಈಗ ನಿಮ್ಮ ಕೈಯಲ್ಲಿರಬೇಕೆಂದೇನೂ ಇಲ್ಲ, ಅಜ್ಜನ ಕಾಲದಲ್ಲಿ ಮಾರಿದ ಗದ್ದೆಯೂ ಆದೀತು.

ಇವತ್ತಿನ ಪಹಣಿಯಿಂದ ಹಿಂದಕ್ಕೆ ನಡೆಯಬೇಕು. ಪಹಣಿಯ 9ನೇ ಕಾಲಂನಲ್ಲಿ ಖಾತೆದಾರನ ಹೆಸರು, 10ರಲ್ಲಿ ಅದು ಅವನಿಗೆ ಹೇಗೆ ಬಂತು ಎಂಬುದಕ್ಕೆ ಎಂಆರ್ ನಂಬರ್. ಆ ನಂಬರಿನ ನಕಲು ತೆಗೆದರೆ ಹಿಂದಿನ ಖಾತೆದಾರನ ಹೆಸರು, ಅವನ ಹೆಸರಿನ ಹಿಂದೆ ಇನ್ನೊಂದು ಎಂಆರ್. ಗಣಕೀಕೃತ ಪಹಣಿ 2000ದ ಆಸುಪಾಸಿಗೆ ನಿಲ್ಲುತ್ತದೆ. ಅದರ ಹಿಂದೆ 1960ರ ದಶಕದ ಕೊನೆಯವರೆಗೆ ಕೈಬರಹದ ಪಹಣಿ. ಅದಕ್ಕೂ ಹಿಂದೆ, ಹಳೆ ಮೈಸೂರಿನವರಾದ ನಮಗೆ, ಐಎಲ್ ಮತ್ತು ಆರ್‌ಆರ್, ಅಂದರೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್. ಇದು 1927ರ ಮೈಸೂರು ಕಾನೂನಿನಿಂದ ಬಂದ ಪುಸ್ತಕ. ಐಎಲ್ ಸರ್ವೆ ನಂಬರಿನ ಕ್ರಮದಲ್ಲಿರುತ್ತದೆ, ಅಲ್ಲಿ ಸಿಗುವ ಆರ್‌ಆರ್ ನಂಬರ್ ಹಿಡಿದು ಆರ್‌ಆರ್ ಪುಸ್ತಕ ತೆರೆಯಬೇಕು. ಸರ್ವೆ ನಂಬರ್ ಹಿಡಿದುಕೊಂಡು ನೇರ ಆರ್‌ಆರ್ ಪುಸ್ತಕದಲ್ಲಿ ಹುಡುಕಿ 'ನಮ್ಮದಿಲ್ಲ' ಎಂದು ಎದ್ದು ಬಂದವರು ಎಷ್ಟೋ ಜನ.

ಒಂದು ನಮೂದು ಹತ್ತಿರದಿಂದ ನೋಡೋಣ. ಇದು ಓದುವ ರೀತಿ ತಿಳಿಯಲೆಂದು ಹೆಣೆದದ್ದು, ಒಕ್ಕಣೆ ಮಾತ್ರ ಇಂಥದ್ದೇ ಇರುತ್ತದೆ: 'ಎಂಆರ್ 14/1951-52. ಸ.ನಂ. 47, ವಿಸ್ತೀರ್ಣ 2-18, ಆಕಾರ 3-8-0. ಖಾತೆದಾರ ಕಾಳೇಗೌಡ ಬಿನ್ ತಿಮ್ಮೇಗೌಡ ಫೌತಿಯಾದ್ದರಿಂದ ಮಕ್ಕಳು ತಿಮ್ಮೇಗೌಡ, ಮೈನರ್ ನಂಜೇಗೌಡ ಗಾರ್ಡಿಯನ್ ತಾಯಿ ಈರಮ್ಮ ಕೋಂ ಲೇಟ್ ಕಾಳೇಗೌಡ, ಇವರ ಹೆಸರಿಗೆ ಜಂಟಿ ಖಾತೆ.'

ಮೂರು ಸಾಲಿನಲ್ಲಿ ಐದು ಜನ, ಮೂರು ತಲೆಮಾರು. 'ಬಿನ್' ಅಂದರೆ ಇಂಥವರ ಮಗ, 'ಕೋಂ' ಅಂದರೆ ಇಂಥವರ ಹೆಂಡತಿ, 'ಫೌತಿ' ಅಂದರೆ ಸಾವು, 'ಆಕಾರ' ಅಂದರೆ ಕಂದಾಯ. ಕಾಳೇಗೌಡ 1951-52ಕ್ಕೆ ಮುಂಚೆ ತೀರಿಕೊಂಡಿದ್ದಾರೆ. ಎಷ್ಟು ಮುಂಚೆ ಎಂದು ಇದರಿಂದ ಹೇಳಲಾಗದು, ಏಕೆಂದರೆ ಸತ್ತವರ ಹೆಸರಿನಲ್ಲೇ ಹತ್ತಿಪ್ಪತ್ತು ವರ್ಷ ಖಾತೆ ಬಿಟ್ಟಿರುವುದು ನಮ್ಮ ಕಡೆ ಮಾಮೂಲು. ಫೌತಿ ಖಾತೆಯ ವರ್ಷವನ್ನು ಸಾವಿನ ವರ್ಷ ಎಂದು ಬರೆದಿಡುವುದು ಎಲ್ಲರೂ ಮಾಡುವ ಮೊದಲ ತಪ್ಪು. ನಂಜೇಗೌಡ ಮೈನರ್ ಆದ್ದರಿಂದ 1933ರ ಈಚೆ ಹುಟ್ಟಿದವರು. ಹಿರಿಮಗನಿಗೆ ಅಜ್ಜನ ಹೆಸರು. ಇಲ್ಲೇ ಎರಡನೆಯ ತಪ್ಪು ಕಾದಿರುತ್ತದೆ. ತಿಮ್ಮೇಗೌಡ ಬಿನ್ ಕಾಳೇಗೌಡ, ಕಾಳೇಗೌಡ ಬಿನ್ ತಿಮ್ಮೇಗೌಡ ಎಂದು ಎರಡೇ ಹೆಸರು ಸರದಿಯ ಮೇಲೆ ನಾಲ್ಕು ತಲೆಮಾರು ಬರುತ್ತವೆ. ವರ್ಷ ನೋಡದೆ ಹೆಸರು ಮಾತ್ರ ನೋಡಿದರೆ ತಾತ ಮತ್ತು ಮೊಮ್ಮಗ ಒಬ್ಬರೇ ಆಗಿಬಿಡುತ್ತಾರೆ. ಬಲಗಡೆ ಎಂಆರ್ ನಂಬರ್ ಮತ್ತು ವರ್ಷ ಬರೆಯದೆ ಯಾವ ಹೆಸರನ್ನೂ ನಿಮ್ಮ ಪುಸ್ತಕಕ್ಕೆ ಹತ್ತಿಸಬೇಡಿ.

ಅಂಕಿಗಳಲ್ಲೂ ಒಂದು ಗುಂಡಿ ಇದೆ. ಒಂದು ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ರೂಪಾಯಿಗೂ 16 ಆಣೆ, ಆಣೆಗೆ 12 ಪೈ, ಹಳೆಯವರ ಮಾತಲ್ಲಿ ಕಾಸು. ಎರಡನ್ನೂ ಅಡ್ಡಗೆರೆ ಹಾಕಿ ಒಂದೇ ರೀತಿ ಬರೆಯುತ್ತಿದ್ದರು. ನಡುವಿನ ಅಂಕಿ 15 ದಾಟಿದ್ದರೆ ಅದು ದುಡ್ಡಲ್ಲ, ಜಮೀನು. ಸರ್ವೆಗೆ ಹಿಂದಿನ ಕಾಗದವಾದರೆ ಎಕರೆಯೇ ಇರುವುದಿಲ್ಲ, ಖಂಡುಗ, ಕೊಳಗದ ಬೀಜವರಿ ಲೆಕ್ಕ ಇರುತ್ತದೆ. 20 ಕೊಳಗಕ್ಕೆ ಒಂದು ಖಂಡುಗ. ಅದು ಬಿತ್ತುವ ಬೀಜದ ಅಳತೆ, ನೆಲದ ಅಳತೆಯಲ್ಲ. ಹಾಗಾಗಿ ಖಂಡುಗವನ್ನು ಎಕರೆಗೆ ಇಳಿಸಿ ಲೆಕ್ಕ ಹೊಂದಿಸಲು ಹೋಗುವುದು ವ್ಯರ್ಥ.

ಹೆಸರಿನ ಕಾಗುಣಿತದ ಬಗ್ಗೆ ಹಟ ಬೇಡ. ಈರೇಗೌಡನೇ ವೀರೇಗೌಡ, ಲಕ್ಕೇಗೌಡನೇ ಲಕ್ಷ್ಮೇಗೌಡ. 'ಉ||' ಎಂದಿದ್ದರೆ ಉರುಫ್, ಮನೆಯಲ್ಲಿ ಕರೆಯುವ ಹೆಸರು ಅದರ ಮುಂದಿರುತ್ತದೆ, ಕೆಲವೊಮ್ಮೆ ಊರವರಿಗೆ ಗೊತ್ತಿರುವುದು ಅದೊಂದೇ. ಹೆಸರಿಗಂಟಿದ ದೊಡ್ಡ, ಚಿಕ್ಕ, ಕರಿ, ಕೆಂಪು ಎಂಬುವನ್ನು ಮಾತ್ರ ಬಿಡಬೇಡಿ. ಒಂದೇ ಮನೆಯಲ್ಲಿ ದೊಡ್ಡತಮ್ಮಯ್ಯ, ಚಿಕ್ಕತಮ್ಮಯ್ಯ ಎಂದು ಅಣ್ಣತಮ್ಮಂದಿರು ಇರುತ್ತಾರೆ, ಆ ಎರಡಕ್ಷರ ಬಿಟ್ಟರೆ ಕವಲೇ ತಪ್ಪುತ್ತದೆ.

ಇಷ್ಟಾದ ಮೇಲೆ ಸರ್ವೆ ಕಚೇರಿ. ಜಮೀನು ಭಾಗವಾದಾಗ 47/1, 47/2 ಎಂದು ಹಿಸ್ಸಾ ಆಗುತ್ತದೆ. ಹಿಸ್ಸಾ ಟಿಪ್ಪಣಿ ಮತ್ತು ಪಕ್ಕಾ ಪುಸ್ತಕದಲ್ಲಿ ಯಾವ ತುಂಡು ಯಾರ ಅನುಭವದಲ್ಲಿತ್ತು ಎಂದು ಹೆಸರಿರುತ್ತದೆ. ಒಂದೇ ಮೂಲ ನಂಬರಿನ ಐದು ಹಿಸ್ಸಾಗಳ ಐದು ಹೆಸರನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಈಗ ಮಾತು ಬಿಟ್ಟಿರುವ ದಾಯಾದಿಗಳೆಲ್ಲ ಒಂದೇ ಹಜಾರದಲ್ಲಿ ಕುಳಿತಂತಿರುತ್ತದೆ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಅದಕ್ಕೂ ಹಿಂದಕ್ಕೆ ಸರ್ವೆ ನಂಬರಿನ ದಾರ ನಿಮ್ಮನ್ನು ಕರೆದೊಯ್ಯದು.

ಜಮೀನೇ ಇಲ್ಲದ ಮನೆಗಳ ಗತಿ ಏನು? ಅವರಿಗೆ ದಾಖಲೆ ಇಲ್ಲ ಎಂಬ ಮಾತು ಸುಳ್ಳು. ಕೈಬರಹದ ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿ ಮಾಡಿದವನ ಹೆಸರು ಬರೆಯುತ್ತಿದ್ದರು. ಒಡೆಯ ಒಬ್ಬ, ಉತ್ತವನು ಇನ್ನೊಬ್ಬ ಎಂಬುದು ಅಲ್ಲಿ ಕಾಣುತ್ತದೆ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿದ ಮೇಲೆ ಗೇಣಿದಾರರು ಹಾಕಿದ ನಮೂನೆ 7ರ ಅರ್ಜಿಗಳು ಭೂ ನ್ಯಾಯಮಂಡಳಿಯ ಕಡತದಲ್ಲಿವೆ. ಅರ್ಜಿ ಒಂದೇ ಹಾಳೆ. ಓದಬೇಕಾದ್ದು ಅದರ ಹಿಂದೆ ಪೋಣಿಸಿರುವ ಹೇಳಿಕೆಗಳನ್ನು. 'ನನ್ನ ತಾತ ಇಂಥವರ ಕಾಲದಿಂದ ಉಳುತ್ತಿದ್ದೇವೆ, ವರ್ಷಕ್ಕೆ ಇಷ್ಟು ಪಲ್ಲ ಭತ್ತ ಅಳೆಯುತ್ತಿದ್ದೆವು' ಎಂದು ಹೆಬ್ಬೆಟ್ಟು ಒತ್ತಿ ಕೊಟ್ಟ ಮಾತು, ಸಾಕ್ಷಿ ಹೇಳಿದ ನೆರೆಯವನ ವಯಸ್ಸು, ಎಲ್ಲ ಅಲ್ಲಿರುತ್ತದೆ. ಬಡವರ ಮನೆಯ ಮಾತು ಅವರದೇ ಬಾಯಲ್ಲಿ ಸರ್ಕಾರಿ ಕಾಗದಕ್ಕೆ ಏರಿದ್ದು ಆ ಹೊತ್ತಿನಲ್ಲಿ. ಜಿಲ್ಲೆಯ ಸಾಮಾಜಿಕ ಚರಿತ್ರೆ ಬರೆಯುವವರು ಇದನ್ನು ಇನ್ನೂ ಸರಿಯಾಗಿ ತೆರೆದು ನೋಡಿಲ್ಲ ಎನಿಸುತ್ತದೆ.

ತೋಟಿ, ತಳವಾರ, ನೀರುಗಂಟಿ ಕೆಲಸ ಮಾಡುತ್ತಿದ್ದ ಮನೆಗಳಿಗೆ ಆ ಕೆಲಸಕ್ಕೆ ಪ್ರತಿಯಾಗಿ ಕೊಟ್ಟ ಚಾಕರಿ ಇನಾಂ ಜಮೀನಿತ್ತು. ಗ್ರಾಮಾಧಿಕಾರ ರದ್ದತಿಯ 1961ರ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಯಾದ ಮೇಲೆ ಅವನ್ನು ಮರುಮಂಜೂರು ಮಾಡಿದರು. ಆ ಕಡತದಲ್ಲಿ ಚಾಕರಿ ಯಾರಿಂದ ಯಾರಿಗೆ ಬಂತು, ಈಗಿನ ವಾರಸುದಾರರು ಯಾರು ಎಂಬ ವಿಚಾರಣೆ ಇರುತ್ತದೆ. ಪಟೇಲ, ಶಾನುಭೋಗರ ವಿಷಯಕ್ಕೂ ಇದೇ ಕಡತ. ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿ ಸರ್ಕಾರದಿಂದ, ಜಮೀನು ಸಿಕ್ಕಿದ್ದರೆ ಸಾಗುವಳಿ ಚೀಟಿಯ ನಂಬರ್ ಹಿಡಿದು ದರಖಾಸ್ತು ಕಡತ ಕೇಳಬೇಕು. ದೇವಸ್ಥಾನದ ಅರ್ಚಕ, ವಾಲಗದ ಮನೆಗಳವರು ಧಾರ್ಮಿಕ ಇನಾಂ ರದ್ದತಿಯ 1955ರ ಕಾಯ್ದೆಯಡಿ ನಡೆದ ವಿಚಾರಣೆಯ ಕಡತ ನೋಡಬೇಕು.

ಇನ್ನು ಉಪನೋಂದಣಿ ಕಚೇರಿ. ಅಲ್ಲಿ 1ನೇ ಪುಸ್ತಕ ಸ್ಥಿರಾಸ್ತಿಯದು, 3ನೆಯದು ಮರಣಶಾಸನದ್ದು, 4ನೆಯದು ಇತರೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ 1ನೇ ಪುಸ್ತಕ ಮತ್ತು ಅದರ ಸೂಚಿಯನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು, ನಕಲೂ ಪಡೆಯಬಹುದು. ವಿಲ್ ನಕಲು ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ, ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ. 'ನೀವು ಪಕ್ಷಗಾರರಲ್ಲ' ಎಂದು ಕೌಂಟರಿನಲ್ಲಿ ಹೇಳಿದರೆ ಕಲಂ ನಂಬರ್ ಹೇಳಿ, ಸಮಾಧಾನದಿಂದ ಹೇಳಿ. 2004ರ ಏಪ್ರಿಲ್‌ನಿಂದ ಈಚಿನ ಇಸಿ, ಅಂದರೆ ಋಣಭಾರ ಪತ್ರ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲೇ ಸಿಗುತ್ತದೆ. ಅದಕ್ಕೆ ಹಿಂದಿನದಕ್ಕೆ ಕಚೇರಿಯ ಸೂಚಿ ಪುಸ್ತಕ ತಿರುವಬೇಕು. ಒಂದನೇ ಸೂಚಿ ಹೆಸರಿನದು, ಎರಡನೆಯದು ಆಸ್ತಿಯದು. ಕುಟುಂಬ ಹುಡುಕುವವರಿಗೆ ಹೆಸರಿನ ಸೂಚಿಯೇ ಮೇಲು, ಆಸ್ತಿ ಬೇರೆ ಊರಿನಲ್ಲಿದ್ದರೂ ಅದೇ ಕಚೇರಿಯ ವ್ಯಾಪ್ತಿಯದ್ದಾದರೆ ಹೆಸರು ಅಲ್ಲಿ ಬರುತ್ತದೆ. ಕಚೇರಿಗಳು ಒಡೆದು ಹೊಸದಾಗಿರುವ ಕಡೆ ಹಳೆ ಸಂಪುಟ ತಾಯಿ ಕಚೇರಿಯಲ್ಲೇ ಉಳಿದಿರುವುದುಂಟು.

ನೋಂದಾಯಿತ ಪತ್ರದ ನಕಲು ಕೈಗೆ ಬಂದಾಗ ಬಹಳ ಜನ ಮೊಬಲಗು, ವಿಸ್ತೀರ್ಣ ನೋಡಿ ಮಡಚಿಡುತ್ತಾರೆ. ಚೆಕ್ಕುಬಂದಿ ಓದಿ. 'ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಊರೊಟ್ಟಿನ ಓಣಿ, ಉತ್ತರಕ್ಕೆ ನನ್ನ ದಾಯಾದಿ ನಿಂಗೇಗೌಡನ ಬಾಬ್ತು ಗದ್ದೆ, ದಕ್ಷಿಣಕ್ಕೆ ಇದೇ ನಂಬರ್ ಪೈಕಿ ನನ್ನ ಅಣ್ಣನ ಹಿಸ್ಸೆ' ಎಂದು ಇದ್ದರೆ ಒಡಹುಟ್ಟು, ದಾಯಾದಿ ಎರಡೂ ಸಿಕ್ಕಿದಂತೆ. ಕೆಳಗೆ ಸಾಕ್ಷಿ ಹಾಕಿದವರು ಭಾವಮೈದುನನೋ ಸೋದರಮಾವನೋ ಆಗಿರುವುದು ಹೆಚ್ಚು, ಅವರ ಊರಿನ ಹೆಸರು ಹೆಣ್ಣು ಕೊಟ್ಟು ತಂದ ಊರನ್ನು ತೋರಿಸುತ್ತದೆ. 'ಬಿಕ್ಕಲಂ' ಎಂದಿರುವುದು ಪತ್ರ ಬರೆದವನ ಹೆಸರು, ಅದು ನೆಂಟಸ್ತಿಕೆ ಅಲ್ಲ. ಭೋಗ್ಯ ಪತ್ರದಲ್ಲಿ ಸಾಲ ಏಕೆ ಮಾಡಿದರು ಎಂದು ಬರೆಯುವ ರೂಢಿ ಇತ್ತು: ಮಗಳ ಮದುವೆ, ಬಾವಿ ತೋಡಿಸಿದ್ದು, ಹಿಂದಿನ ಸಾಲ. ಹೀಗೆ ಮದುವೆಯ ವರ್ಷ ಭೋಗ್ಯ ಪತ್ರದಲ್ಲಿ ಸಿಗುತ್ತದೆ, ಲಗ್ನಪತ್ರಿಕೆ ಯಾರೂ ಇಟ್ಟಿರುವುದಿಲ್ಲ.

ಪಾಲುಪಟ್ಟಿಗಳು ಬಹಳಷ್ಟು ನೋಂದಣಿ ಆಗಿಲ್ಲ. ಪಂಚಾಯ್ತಿದಾರರ ಮುಂದೆ ಬರೆದು ಒಬ್ಬೊಬ್ಬರು ಒಂದೊಂದು ಪ್ರತಿ ಇಟ್ಟುಕೊಂಡದ್ದು. ನಿಮ್ಮ ಮನೆಯ ಪ್ರತಿ ಗೆದ್ದಲು ತಿಂದಿದ್ದರೆ ದಾಯಾದಿಯ ಮನೆಯ ಟ್ರಂಕಿನಲ್ಲಿ ಇನ್ನೊಂದು ಇರುತ್ತದೆ. ಅದನ್ನು ಕೇಳಲು ಹೋಗುವಾಗ ಜಮೀನಿನ ಸುದ್ದಿ ಎತ್ತಬೇಡಿ. ಪಾಲಿನ ವಿಷಯ ಕೋರ್ಟಿಗೆ ಹೋಗಿದ್ದರೆ ಇನ್ನೂ ಒಳ್ಳೆಯದು, ದಾವಾ ಅರ್ಜಿಯ ಜೊತೆಗೆ ವಂಶವೃಕ್ಷವನ್ನೇ ಬರೆದು ಹಾಕಿರುತ್ತಾರೆ, ಎದುರು ಪಕ್ಷ ಅದರಲ್ಲಿ ಬಿಟ್ಟುಹೋದ ಹೆಸರನ್ನು ತಕರಾರಿನಲ್ಲಿ ತುಂಬಿರುತ್ತದೆ. ಜಗಳದ ಕಾಗದ ನಂಬಲರ್ಹ, ಇಬ್ಬರೂ ಒಪ್ಪಿದ ಭಾಗ ಎಷ್ಟೋ ಅಷ್ಟರ ಮಟ್ಟಿಗೆ.

ಹೆಂಗಸರು ಈ ದಾಖಲೆಗಳಲ್ಲಿ ಕಾಣುವುದು ಕಡಿಮೆ, ಕಾಣುವ ಜಾಗ ಬೇರೆ. ಫೌತಿ ಖಾತೆಯಲ್ಲಿ ಮಗಳ ಹೆಸರು ಇಲ್ಲದಿದ್ದರೆ ಮಗಳೇ ಇರಲಿಲ್ಲ ಎಂದು ಬರೆಯಬಾರದು. ಮದುವೆಯಾಗಿ ಹೋದವಳನ್ನು ಬಿಟ್ಟೇ ಬರೆಯುತ್ತಿದ್ದರು. ಅವಳು ಸಿಗುವುದು ಮೈನರ್ ಮಕ್ಕಳ ಗಾರ್ಡಿಯನ್ ಆಗಿ, ಜೀವನಾಂಶಕ್ಕೆಂದು ಬಿಟ್ಟ ತುಂಡಿನಲ್ಲಿ, ಅರಿಶಿನ ಕುಂಕುಮಕ್ಕೆಂದು ತವರಿನವರು ಬರೆದ ದಾನಪತ್ರದಲ್ಲಿ. ಇನ್ನೂ ಈಚೆಗೆ ಹಕ್ಕು ಬಿಡುಗಡೆ ಪತ್ರದಲ್ಲಿ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದ ಮೇಲೆ ಆ ಪತ್ರಗಳಲ್ಲಿ ಅಕ್ಕತಂಗಿಯರೆಲ್ಲರ ಹೆಸರು, ಗಂಡನ ಹೆಸರು, ಊರು ಒಟ್ಟಿಗೇ ಬರುತ್ತಿವೆ. ಹಕ್ಕು ಬಿಡಿಸಿಕೊಂಡ ಕಾಗದವೇ ಅವರ ಹೆಸರನ್ನು ಉಳಿಸಿಟ್ಟಿದೆ ನೋಡಿ. ಮನೆ ಅಳಿಯನಾಗಿ ಬಂದವರು, ದತ್ತು ಬಂದವರು ಇದ್ದರೆ 'ಬಿನ್' ಯಾವ ತಂದೆಯದು ಎಂದು ಎರಡೂ ಊರಿನಲ್ಲಿ ತಾಳೆ ನೋಡಬೇಕು.

ಜನನ ಮರಣದ ದಾಖಲೆಗೆ ಬಂದರೆ, 1969ರ ಕೇಂದ್ರ ಕಾಯ್ದೆ ಕರ್ನಾಟಕದಲ್ಲಿ 1970ರ ಏಪ್ರಿಲ್‌ನಿಂದ ನಡೆಯುತ್ತಿದೆ, ಅದಕ್ಕೆ ಮುಂಚಿನ ರಿಜಿಸ್ಟರುಗಳೂ ಇದ್ದವು. ಹುಡುಕುವವರು ಎಡವುವುದು ಒಂದೇ ಕಡೆ. ಜನನ ದಾಖಲಾಗುವುದು ಹುಟ್ಟಿದ ಜಾಗದಲ್ಲಿ, ಅಪ್ಪನ ಊರಿನಲ್ಲಿ ಅಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ. ಹಾಗಾಗಿ ದುದ್ದ ಹೋಬಳಿಯ ಮನೆಯ ಹಿರಿಮಗ ಬೇಲೂರು ತಾಲ್ಲೂಕಿನ ಅಜ್ಜಿ ಊರಿನ ಪುಸ್ತಕದಲ್ಲಿರುತ್ತಾನೆ, ಅವನ ತಮ್ಮಂದಿರು ದುದ್ದದ ಕಡೆಯ ಪುಸ್ತಕದಲ್ಲಿ. ಮಗುವಿನ ಹೆಸರಿನ ಜಾಗ ಖಾಲಿ ಇದ್ದು 'ಗಂಡು', 'ಹೆಣ್ಣು' ಎಂದಷ್ಟೇ ಇರುತ್ತದೆ, ಅಪ್ಪನ ಹೆಸರು ಮತ್ತು ಅಂದಾಜು ತಿಂಗಳು ಹಿಡಿದು ನೋಡಬೇಕು. ಮರಣದ ನಕಲಿನಲ್ಲಿ ಸಾವಿನ ಕಾರಣ ಕೊಡುವುದಿಲ್ಲ, ಕಾಯ್ದೆಯೇ ಹಾಗಿದೆ. ಶಾಲೆಯ ದಾಖಲಾತಿ ರಿಜಿಸ್ಟರ್ ಒಳ್ಳೆಯ ಆಧಾರ, ಹುಟ್ಟಿದ ದಿನದ ಮಟ್ಟಿಗೆ ಅಲ್ಲ. ಜೂನ್ 1 ಎಂದಿದ್ದರೆ ಅದು ಮೇಷ್ಟ್ರ ಅಂದಾಜು. ಪೋಷಕರ ಹೆಸರು, ಬಿಟ್ಟು ಬಂದ ಶಾಲೆ, ಇವು ಕೆಲಸಕ್ಕೆ ಬರುತ್ತವೆ. ಜನಗಣತಿಯಲ್ಲಿ ಹುಡುಕಬೇಡಿ. ವಿದೇಶದಲ್ಲಿರುವ ನಮ್ಮ ಹುಡುಗರು ಅಲ್ಲಿನ ಕೌಂಟಿ ದಾಖಲೆ, ಗಣತಿ ಹಾಳೆ ನೋಡಿ ಇಲ್ಲಿಯೂ ಅದನ್ನೇ ಕೇಳುತ್ತಾರೆ. 1948ರ ಜನಗಣತಿ ಕಾಯ್ದೆ ಮನೆಮನೆಯ ಹಾಳೆಯನ್ನು ಯಾರಿಗೂ ತೋರಿಸಗೊಡುವುದಿಲ್ಲ.

ತಾರೀಖಿನ ಬದಲು ಸಂವತ್ಸರ ಇದ್ದರೆ ಎಚ್ಚರ. ತಾರಣ ಸಂವತ್ಸರ 1884ರಲ್ಲೂ ಬಂದಿತ್ತು, 1944ರಲ್ಲೂ, 2004ರಲ್ಲೂ. ಒಂದು ತಪ್ಪಿದರೆ ಅರವತ್ತು ವರ್ಷವೇ ತಪ್ಪುತ್ತದೆ. ಅದೂ ಅಲ್ಲದೆ ಸಂವತ್ಸರ ಯುಗಾದಿಗೆ ಬದಲಾಗುವುದರಿಂದ 1944ರ ತಾರಣದ ಮಾಘ, ಫಾಲ್ಗುಣಗಳು 1945ಕ್ಕೆ ಬೀಳುತ್ತವೆ. ಯಾವ ಸುತ್ತಿನದು ಎಂದು ತೀರ್ಮಾನಿಸಲು ಛಾಪಾ ಕಾಗದದ ಬೆನ್ನು ನೋಡಿ, ಮಾರಿದವನು ಅಲ್ಲಿ ತಾರೀಖು, ಕೊಂಡವನ ಹೆಸರು ಬರೆದಿರುತ್ತಾನೆ. 'ಧಾತು ಈಶ್ವರ ಬರದಲ್ಲಿ ಬಂದವರು ನಾವು' ಎಂದು ಹಿರಿಯರು ಹೇಳಿದ್ದರೆ ಅದನ್ನು 1876-78 ಎಂದು ಧೈರ್ಯವಾಗಿ ಬರೆದುಕೊಳ್ಳಬಹುದು.

ಹಳೆ ಆಡಳಿತದ ಹೆಸರು ತಿಳಿದಿರಬೇಕು. ಚಿಕ್ಕಮಗಳೂರು ಜಿಲ್ಲೆ 1947ರವರೆಗೆ ಕಡೂರು ಜಿಲ್ಲೆ, ಕೇಂದ್ರ ಚಿಕ್ಕಮಗಳೂರಿನಲ್ಲಿದ್ದರೂ ಹೆಸರು ಅದೇ. ಸಕಲೇಶಪುರದವರು ಮಂಜರಾಬಾದ್ ತಾಲ್ಲೂಕು ಎಂದು ಹುಡುಕಬೇಕು, ಅರಸೀಕೆರೆ ಕಡೆಯವರು ಹಾರನಹಳ್ಳಿ ಎಂದು, ನರಸಿಂಹರಾಜಪುರದವರು ಎಡೇಹಳ್ಳಿ ಎಂದು. ಶೃಂಗೇರಿ ಮಠದ ಜಹಗೀರಾಗಿತ್ತು, ಮಠದ ಕಡತಗಳು ಬೇರೆಯೇ ಒಂದು ಭಂಡಾರ. ಕಳಸದ ಹಳೆ ಕಾಗದ ಮೂಡಿಗೆರೆಯ ಲೆಕ್ಕದಲ್ಲಿ, ಅಜ್ಜಂಪುರದ್ದು ತರೀಕೆರೆಯ ಲೆಕ್ಕದಲ್ಲಿ ಇರುತ್ತದೆ.

ಗೊರೂರಿನ ಹೇಮಾವತಿ ಅಣೆಕಟ್ಟೆ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರಿಗೆ ಒಂದು ಸಮಾಧಾನ: ಅವರ ಮನೆಗಳ ದಾಖಲೆಯಷ್ಟು ವಿವರವಾದದ್ದು ಬೇರೆಯವರಿಗಿಲ್ಲ. ಸ್ವಾಧೀನದ ಅಧಿಸೂಚನೆ ರಾಜ್ಯಪತ್ರದಲ್ಲಿ ಸರ್ವೆ ನಂಬರ್, ಖಾತೆದಾರ, ಅನುಭವದಾರರ ಹೆಸರಿನೊಂದಿಗೆ ಬಂದಿದೆ. ಪರಿಹಾರ ನಿಗದಿ ಮಾಡಿದ ಅವಾರ್ಡ್ ಕಡತದಲ್ಲಿ ಪರಿಹಾರ ಪಡೆದ ವಾರಸುದಾರರ ಪಟ್ಟಿ, ಕೆಲವಕ್ಕೆ ಮನೆ, ಮರ, ಬಾವಿಯ ಲೆಕ್ಕ ಕೂಡ.

ಘಟ್ಟದ ಕೆಳಗಿನಿಂದ ಕಾಫಿ ತೋಟಕ್ಕೆ ಬಂದು ನೆಲೆ ನಿಂತವರ ದಾರಿ ಬೇರೆ. ತೋಟದ ಕೂಲಿ ಹಾಜರಿ ಪುಸ್ತಕವಾದ ಚೆಕ್‌ರೋಲ್‌ನಲ್ಲಿ ಹೆಸರು, ಮೇಸ್ತ್ರಿಯ ಹೆಸರು ಸಿಕ್ಕರೆ ಅದೃಷ್ಟ. ಊರಿನ ಕಡೆಯ ಜಮೀನು ದಾಖಲೆ 1956ರವರೆಗೆ ಮದರಾಸಿನ ಪದ್ಧತಿಯದು. ಅಲ್ಲಿ ವರ್ಗ, ಮೂಲಗೇಣಿ, ಚಾಲಗೇಣಿ ಎಂದು ಕೇಳಬೇಕು, ಐಎಲ್, ಆರ್‌ಆರ್ ಎಂದರೆ ತಿಳಿಯದು. ಅಳಿಯಸಂತಾನದ ಕುಟುಂಬವಾದರೆ 'ಬಿನ್' ಹಿಡಿದು ಹೋಗುವುದೇ ತಪ್ಪು, ತಾಯಿಯ ಕಡೆ ಹಿಡಿಯಬೇಕು. ಕ್ರೈಸ್ತ ಮನೆಗಳಿಗೆ ಚರ್ಚಿನ ಜ್ಞಾನಸ್ನಾನ, ವಿವಾಹ, ಸಮಾಧಿ ಪುಸ್ತಕಗಳಿವೆ, ಹಳೆಯವು ಲ್ಯಾಟಿನ್ನಿನಲ್ಲಿ ಇರುವುದುಂಟು. ಚಿಕ್ಕಮಗಳೂರು ಧರ್ಮಪ್ರಾಂತ್ಯವೇ ಆದದ್ದು 1963ರಲ್ಲಿ, ಅದಕ್ಕೆ ಹಿಂದಿನದಕ್ಕೆ ಆಯಾ ಚರ್ಚಿನಲ್ಲೇ ವಿಚಾರಿಸುವುದು ಸರಿ. ಕಾಗದ ಮುಗಿದ ಮೇಲೆ ಉಳಿಯುವುದು ಮನೆದೇವರು. ಇರುವ ಊರಿಗೂ ಮನೆದೇವರ ಊರಿಗೂ ಐವತ್ತು ಮೈಲಿ ದೂರವಿದ್ದರೆ ಮನೆತನ ಅಲ್ಲಿಂದ ಬಂದಿರುವ ಸಂಭವ ಹೆಚ್ಚು, ಅಲ್ಲಿನ ಒಕ್ಕಲು ಪಟ್ಟಿ ಕೇಳಿ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಹಳೆ ಆವೃತ್ತಿಯಲ್ಲಿ ಐದನೇ ಸಂಪುಟ ಹಾಸನದ್ದು, ಆರನೆಯದು ಕಡೂರಿನದು. ಅದರಲ್ಲಿ ನಿಮ್ಮೂರ ವೀರಗಲ್ಲಿನ ಗೌಡ ಸಿಗಬಹುದು. ಅವನು ನಿಮ್ಮವನೇ ಎನ್ನಲು ನಡುವಿನ ಐದಾರು ನೂರು ವರ್ಷಕ್ಕೆ ಕಾಗದ ಬೇಕು, ಅದಿಲ್ಲ.

ಅರ್ಜಿ ಬರೆಯುವ ಬಗೆ ಹೇಳಿ ಮುಂದೆ ಹೋಗಬೇಕು. 'ನಮ್ಮ ಕುಟುಂಬದ ಹಳೆ ದಾಖಲೆ ಕೊಡಿ' ಎಂದರೆ ಯಾವ ಗುಮಾಸ್ತರಿಗೂ ಹುಡುಕಲು ಬಾರದು. ಇಂಥ ಗ್ರಾಮದ ಸ.ನಂ. ಇಷ್ಟರ ಐಎಲ್, ಆರ್‌ಆರ್, ಇಂಥ ಸಾಲಿನಿಂದ ಇಂಥ ಸಾಲಿನವರೆಗಿನ ಕೈಬರಹದ ಪಹಣಿ, ಎಂಆರ್ ಇಷ್ಟರ ದೃಢೀಕೃತ ನಕಲು ಎಂದು ಬಿಡಿಬಿಡಿಯಾಗಿ ಬರೆಯಿರಿ. ಇಲ್ಲ ಎಂದರೆ ಬಾಯಿಮಾತು ಕೇಳಿ ಬರಬೇಡಿ, ಹಿಂಬರಹ, ಅಂದರೆ ಬರಹದಲ್ಲಿ ಉತ್ತರ, ತೆಗೆದುಕೊಳ್ಳಿ. ಮಾಹಿತಿ ಹಕ್ಕು ಅರ್ಜಿ ಕೊನೆಯ ಅಸ್ತ್ರ: 10 ರೂಪಾಯಿ ಶುಲ್ಕ, ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ಒಂದೇ ಅರ್ಜಿಯಲ್ಲಿ ಪಹಣಿ, ದರಖಾಸ್ತು, ಜನನ ಎಲ್ಲ ತುರುಕಿದರೆ ಆ ಕಾರಣಕ್ಕೇ ವಾಪಸ್ ಬರುತ್ತದೆ. ಸಿಕ್ಕ ಮೂಲ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ. ಶಾಖಕ್ಕೆ ಶಾಯಿ ಹೋಗುತ್ತದೆ, ಟೇಪಿನ ಅಂಟು ಹಳದಿಯಾಗಿ ಅಕ್ಷರ ನುಂಗುತ್ತದೆ. ಮಡಿಕೆ ಬಿಡಿಸಿ, ಎರಡೂ ಬದಿಯ ಫೋಟೊ ತೆಗೆದು, ಹತ್ತಿಬಟ್ಟೆಯಲ್ಲಿ ಸುತ್ತಿ ನೆಲದಿಂದ ಎತ್ತರದಲ್ಲಿಡಿ. ಮಲೆನಾಡಿನ ಮಳೆಗಾಲ ಪ್ಲಾಸ್ಟಿಕ್ ಚೀಲದೊಳಗೂ ಬೂಷ್ಟು ಹಿಡಿಸುತ್ತದೆ.

ಇದೆಲ್ಲ ಬರೆದದ್ದು ಎರಡೂ ಜಿಲ್ಲಾಡಳಿತಗಳ ಮುಂದೆ ಒಂದು ಬೇಡಿಕೆ ಇಡುವುದಕ್ಕೆ. ಸ್ಕ್ಯಾನ್ ಮಾಡುವಾಗ ಹಾಳೆಯ ಬೆನ್ನನ್ನೂ ಮಾಡಬೇಕು. ಖಾಲಿ ಎಂದು ಬಿಟ್ಟ ಬದಿಯಲ್ಲೇ ಛಾಪಾ ಮಾರಿದವನ ತಾರೀಖು, ಹೋಬಳಿಯ ಕಂದಾಯ ನೋಡುತ್ತಿದ್ದ ಶೇಕದಾರರ ಷರಾ ಇರುತ್ತವೆ. ಸೂಚಿ ಮಾಡುವಾಗ ಸರ್ವೆ ನಂಬರಿಗೆ ನಿಲ್ಲಿಸದೆ ಖಾತೆದಾರನ ಹೆಸರು, ತಂದೆಯ ಹೆಸರು, ಎಂಆರ್ ವರ್ಷ ಸೇರಿಸಬೇಕು, ಗ್ರಾಮದ ಹಳೆ ಹೆಸರು, ಮಜರೆ, ಬೇಚಿರಾಕ್ ಹೆಸರುಗಳನ್ನೂ ಜೊತೆಗಿಡಬೇಕು. ನಮೂನೆ 7ರ ಹೇಳಿಕೆಗಳು, ಚಾಕರಿ ಇನಾಂ ಮರುಮಂಜೂರಿ ಕಡತಗಳು, ಹಳೆ ಜನನ ಮರಣ ಪುಸ್ತಕಗಳು ಜಮೀನಿಗೆ ಈಗ ಅಗತ್ಯವಿಲ್ಲವೆಂದು ಸಾಲಿನ ಕೊನೆಗೆ ಬೀಳಬಾರದು. ಇನ್ನೊಂದು, 1963ರಲ್ಲಿ ಶಾನುಭೋಗರು ದಫ್ತರ ಒಪ್ಪಿಸಿದಾಗ ಎಲ್ಲವೂ ಕಚೇರಿಗೆ ಬರಲಿಲ್ಲ. ಬಳಪದಲ್ಲಿ ಬರೆದ ಕಪ್ಪು ಬಟ್ಟೆಯ ಕಡತಗಳು, ಫೈಲಿಗೆ ನಾವು ಇಂದೂ ಬಳಸುವ ಹೆಸರು ಬಂದದ್ದೇ ಅವುಗಳಿಂದ, ಕೆಲವು ಮನೆಗಳ ಅಟ್ಟದಲ್ಲಿ ಈಗಲೂ ಇವೆ. ಮುಟ್ಟಿದರೆ ಅಕ್ಷರ ಉದುರುವ ಸ್ಥಿತಿ. ಸ್ಕ್ಯಾನರ್ ಮತ್ತು ಸಿಬ್ಬಂದಿ ತಾಲ್ಲೂಕು ಕಚೇರಿಯಲ್ಲಿ ಇರುವಾಗಲೇ ವಾರಕ್ಕೊಂದು ದಿನ ಗೊತ್ತು ಮಾಡಿ, ಅಂಥವರು ತಂದು ತೋರಿಸಿ, ಪ್ರತಿ ಕೊಟ್ಟು, ಮೂಲವನ್ನು ಅವತ್ತೇ ಮನೆಗೆ ಒಯ್ಯುವಂತೆ ವ್ಯವಸ್ಥೆ ಮಾಡಬೇಕು. ಕಸಿದುಕೊಳ್ಳುವುದಿಲ್ಲ ಎಂದು ಬರಹದಲ್ಲಿ ತಿಳಿಸಿದರೆ ಅಟ್ಟದಿಂದ ಇಳಿಸುತ್ತಾರೆ.

ಇಂತಿ,
ಓದುಗರು, ಹಾಸನ